ಸೊಸೆಯ ಕಾಲ್ಗುಣ ಮತ್ತು ಕೊನೆಯ ಓವರು

ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ರಂಗೋಲಿ ಬರುತ್ತಾ, ಮುದ್ದೆ ತೊಳಸೋಕೆ ಬರುತ್ತಾ ಎಂದೆಲ್ಲ ಕೇಳುತ್ತಾರೆ. ಎಲ್‌ಬಿಡಬ್ಲ್ಯೂ ಅಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಾನು ಮೊದಲ ಗಂಡಿಗೇ ಪಾಸಾಗುತ್ತಿದ್ದೆ. ಕೆ.ಆರ್. ನಗರದ ಕಡೆಯ ಗದ್ದೆ ಬಯಲಿನ ಊರು ನಮ್ಮದು. ಗದ್ದೆಗೆ ನೀರು ತಿರುವಲು ಹೋಗುವಾಗ ಅಪ್ಪ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು, ನಾನು ಬುತ್ತಿ ಹಿಡಿದು ಹಿಂದೆ ನಡೆಯುತ್ತಿದ್ದೆ. ಕಾಮೆಂಟರಿ ಒಂದಷ್ಟು ಇಂಗ್ಲಿಷ್, ಒಂದಷ್ಟು ಹಿಂದಿ. ಅಪ್ಪ ಅದನ್ನು ಕನ್ನಡಕ್ಕೆ ತಿರುಗಿಸುವ ಹೊತ್ತಿಗೆ ಮುಂದಿನ ಬಾಲು ಬಂದುಬಿಟ್ಟಿರುತ್ತಿತ್ತು. ಹಾಗಾಗಿ ನಾನೇ ಅರೆಬರೆ ಅರ್ಥ ಮಾಡಿಕೊಳ್ಳುವುದನ್ನು ಕಲಿತೆ. ಬದುವಿನ ಮೇಲೆ ಕೂತು ಕಣ್ಣಿಗೆ ಕಾಣದ ಆಟವನ್ನು ಕಿವಿಯಲ್ಲಿ ನೋಡುವುದು ನನಗೆ ಅಭ್ಯಾಸವಾಯಿತು. ಮುಂದೆ ಗಂಡನ ಮನೆಯಲ್ಲಿ ಆ ಅಭ್ಯಾಸ ಅಷ್ಟೊಂದು ಉಪಯೋಗಕ್ಕೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನನ್ನನ್ನು ಕೊಟ್ಟದ್ದು ಪಿರಿಯಾಪಟ್ಟಣದ ಹತ್ತಿರ ಹೊಗೆಸೊಪ್ಪು ಬೆಳೆಯುವ ಒಂದು ಹಳ್ಳಿಗೆ. ಮದುವೆ ನಡೆದ ದಿನವೇ ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ಪಿನ ಫೈನಲ್, ನಮ್ಮವರಿಗೂ ಆಸ್ಟ್ರೇಲಿಯಾಕ್ಕೂ. ಲಗ್ನ ಗೊತ್ತು ಮಾಡುವಾಗ ನಮ್ಮವರು ಫೈನಲ್ ತನಕ ಹೋಗುತ್ತಾರೆ ಎಂದು ಯಾವ ಜೋಯಿಸರಿಗೂ ಹೊಳೆದಿರಲಿಲ್ಲ. ಬೆಳಗಿನ ಜಾವದ ಮುಹೂರ್ತ. ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ನಾನೂ ಅವ್ವನೂ ತಬ್ಬಿಕೊಂಡು ಅಳುತ್ತಿದ್ದರೆ ಮಾವ ವಾಚು ನೋಡುತ್ತಾ ನಿಂತಿದ್ದರು. "ಅಳಾದು ಬಸ್ಸಲ್ಲೂ ಅಳ್ಬೋದು ಕಣವ್ವ, ಬಸ್ಸತ್ತು ಮೊದ್ಲು," ಎಂದರು. ನನಗೆ ಅಳುವಿನ ನಡುವೆಯೇ ನಗು ಬಂತು. ನನಗೂ ಟಾಸ್ ಏನಾಗುತ್ತದೋ ಎಂಬ ಚಿಂತೆ ಇದ್ದೇ ಇತ್ತು.

ಊರು ತಲುಪುವಾಗ ಆಟ ಶುರುವಾಗುವ ಹೊತ್ತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ನಾನು ಬಲಗಾಲಿನಲ್ಲಿ ಅದನ್ನು ಒದ್ದೆ. ಅಕ್ಕಿ ಚೆಲ್ಲಿತು, ಅದೇ ಗಳಿಗೆಗೆ ಹಜಾರದಿಂದ ಗಂಡಸರೆಲ್ಲ ಒಟ್ಟಿಗೆ "ಅಯ್ಯಯ್ಯೋ" ಎಂದರು. ಮೊದಲನೇ ಓವರಿನಲ್ಲೇ ನೋಬಾಲು, ವೈಡು ಎಂದು ನಮ್ಮ ಬೌಲರು ರನ್ನನ್ನು ನನ್ನ ಅಕ್ಕಿಗಿಂತ ಚೆನ್ನಾಗಿ ಚೆಲ್ಲುತ್ತಿದ್ದ. ಆ ದಿನ ಸೋತದ್ದು ಎಂಥ ಸೋಲು ಎಂದು ನೋಡಿದವರಿಗೆಲ್ಲ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ಮಾವ ತಮಾಷೆಗೆ ಅಂದರು: "ಎಲ್ಲಾ ಸರಿ, ಸೊಸೆ ಕಾಲ್ಗುಣ ಮಾತ್ರ ಆಸ್ಟ್ರೇಲಿಯಾದೋರ್ಗೆ ಒಲೀತು." ಎಲ್ಲರೂ ನಕ್ಕರು. ತಲೆ ತಗ್ಗಿಸಿ ನಾನೂ ನಕ್ಕೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಆದರೆ ಕಾಗೆಗೆ ಆಮೇಲೆ ಆ ಮರದಲ್ಲಿ ಜಾಗ ಸಿಗಲಿಲ್ಲ. ಮುಂದಿನ ಮ್ಯಾಚಿನಲ್ಲಿ ಕಾಫಿ ಲೋಟ ಹಿಡಿದು ಹಜಾರಕ್ಕೆ ಬಂದೆ, ವಿಕೆಟ್ ಬಿತ್ತು. ಅದರಾಚೆಯದರಲ್ಲಿ ಖಾಲಿ ಲೋಟ ಎತ್ತಿಕೊಳ್ಳಲು ಬಂದೆ, ಇನ್ನೊಂದು ಬಿತ್ತು. ನಮ್ಮವರ ವಿಕೆಟ್ಟುಗಳು ನಾನು ಬಾರದಿದ್ದಾಗಲೂ ದಂಡಿಯಾಗಿ ಬೀಳುತ್ತಿದ್ದವು, ಆದರೆ ಅದನ್ನು ಲೆಕ್ಕ ಇಡುವವರು ಯಾರು? ತಮಾಷೆ ಎಂದು ಹುಟ್ಟಿದ ಮಾತು ವರ್ಷ ಕಳೆಯುವುದರೊಳಗೆ ಮನೆಯ ಕಟ್ಟಳೆಯಾಯಿತು. ಮ್ಯಾಚಿದ್ದ ದಿನ ಮಾವ ಅಡುಗೆಮನೆ ಬಾಗಿಲಿಗೆ ಬಂದು ಮೆಲ್ಲಗೆ ಹೇಳುತ್ತಿದ್ದರು: "ಒಸಿ ಒಳಗೇ ಇರವ್ವ. ಬೇಜಾರ್ ಮಾಡ್ಕಬ್ಯಾಡ."

ಬೇಜಾರಾಗುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು ಎಂದೇ ಹೇಳಬೇಕು. ಆ ಹಜಾರದಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ಸ್ಲಿಪ್ಪಿಗೂ ಗಲ್ಲಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ನನ್ನ ಗಂಡ ಬ್ಯಾಟಿಗೆ ತಾಗಿ ಹೋದದ್ದಕ್ಕೂ ಬೈ ರನ್ ಅನ್ನುತ್ತಿದ್ದ. ಆದರೂ ಅವನಿಗೆ ಗೋಡೆಗೊರಗಿ ಕೂರುವ ಸ್ವಂತ ಜಾಗವಿತ್ತು. ಜೊತೆಯಾಟ ಕುದುರಿದಾಗ ಅವನು ಅಲ್ಲಾಡುವಂತಿರಲಿಲ್ಲ, ಅದೂ ಶಕುನವೇ. ಒಮ್ಮೆ ತಡೆಯದೆ ಕೇಳಿದೆ: "ಮಾವ, ಅವ್ರು ಆಡಕ್ ಬರ್ದೆ ಔಟಾದ್ರೆ ನಾನೇನ್ ಮಾಡ್ಲಿ? ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಆ ನೆಲ ನಾನಾ?" ಮಾವ ಗಲ್ಲ ಕೆರೆದುಕೊಂಡು, "ನೀ ಹೇಳಾದು ಸರಿಯೇ ಕಣವ್ವ. ಆದ್ರೂ ಯಾಕ್ ಬೇಕು," ಎಂದರು. ಈ 'ಯಾಕ್ ಬೇಕು' ಎಂಬ ಮಾತಿಗೆ ಪ್ರಪಂಚದಲ್ಲಿ ಉತ್ತರ ಇಲ್ಲ.

ಕೆಟ್ಟ ಮನುಷ್ಯರಲ್ಲ ಅವರು. ಬೇರೆ ವಿಷಯದಲ್ಲಿ ನನ್ನನ್ನು ತಲೆಯ ಮೇಲಿಟ್ಟುಕೊಂಡಿದ್ದರು. ಹಿತ್ತಲಿನಲ್ಲಿ ನಮ್ಮ ಬ್ಯಾರನ್ ಇತ್ತು, ಹೊಗೆಸೊಪ್ಪು ಬೇಯಿಸಿ ಒಣಗಿಸುವ ಎತ್ತರದ ಮನೆ. ಹೊರಗಡೆ ಒಲೆಬಾಯಿ, ಒಳಗೆ ನೆಲದ ಮೇಲೆ ಬಿಸಿ ಹೊಗೆ ಹರಿಯುವ ಕಬ್ಬಿಣದ ಕೊಳವೆ, ಮೇಲೆ ಅಟ್ಟಣೆಯಲ್ಲಿ ಕಡ್ಡಿಗೆ ಕಟ್ಟಿದ ಸೊಪ್ಪು. ವರ್ಷದ ಮೊದಲ ಬೆಂಕಿಯನ್ನು ಯಾರ ಕೈಯಲ್ಲಿ ಹಚ್ಚಿಸುತ್ತಾರೆ ಎಂಬುದು ನಮ್ಮ ಕಡೆ ಸಣ್ಣ ಸಂಗತಿಯಲ್ಲ. ಮದುವೆಯಾದ ವರ್ಷ ಮಾವ ಕಡ್ಡಿಪೆಟ್ಟಿಗೆ ನನ್ನ ಕೈಗೆ ಕೊಟ್ಟರು. ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಅಲ್ಲಿಂದ ಪ್ರತಿ ವರ್ಷವೂ ನಾನೇ. "ನಮ್ ಸೊಸೆ ಕೈಗುಣ ಚಿನ್ನ," ಎಂದು ಹರಾಜು ಕಟ್ಟೆಯಲ್ಲೂ ಹೇಳಿಕೊಂಡು ಬರುತ್ತಿದ್ದರು. ಕೈ ಚಿನ್ನ, ಕಾಲು ಮಣ್ಣು! ಒಂದೇ ಮೈಯಲ್ಲಿ ಇದು ಹೇಗೆ ಎಂದು ನಾನು ಒಲೆಯ ಮುಂದೆ ಕೂತು ಎಷ್ಟೋ ಸಲ ಯೋಚಿಸಿದ್ದೇನೆ.

ಬ್ಯಾರನ್ ಕಡೆಗೆ ನಮ್ಮ ಹಜಾರದ ಒಂದು ಕಿಟಕಿ ಇತ್ತು. ಟಿವಿಯ ಮೇಜು ಆ ಕಿಟಕಿಗೇ ಬೆನ್ನು ಹಾಕಿ ನಿಂತಿತ್ತು, ಪಕ್ಕದಲ್ಲೇ ಅಡುಗೆಮನೆ ಬಾಗಿಲು. ಹೊರಗಿನಿಂದ ಇಣುಕಿದರೆ ಟಿವಿಯ ಡುಬ್ಬ ಬೆನ್ನು, ಅದರಾಚೆ ನೋಡುತ್ತಾ ಕೂತವರ ಮುಖ. ಆಟದ ಒಂದು ಚೂರೂ ಕಾಣದು. ನಾನು ಆ ಮುಖಗಳಲ್ಲೇ ಮ್ಯಾಚ್ ನೋಡುವುದನ್ನು ಕಲಿತೆ. ಮಾವನ ಹುಬ್ಬು ಏರಿದರೆ ಬಾಲು ಮೇಲಕ್ಕೆ ಹೋಗಿದೆ. ಬಾಯಿ ತೆರೆದೇ ಇದ್ದರೆ ಇನ್ನೂ ಗಾಳಿಯಲ್ಲಿದೆ. ಟವೆಲು ಕೊಡವಿದರೆ ಔಟು. ನಾಲ್ಕು ವರ್ಷ ನನಗೆ ಅದೇ ಸ್ಕೋರ್‌ಬೋರ್ಡ್.

ಮತ್ತೆ ವಿಶ್ವಕಪ್ ಬಂದಾಗ ನಾನು ಎರಡನೇ ಹೆರಿಗೆಗೆ ತವರಿನಲ್ಲಿದ್ದೆ. ನಮ್ಮವರು ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದರು. ಅಳುವ ಬದಲು ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಮಗು ನೋಡಲು ಬಂದ ಮಾವನಿಗೆ, "ಈ ಸಲ ನಾನ್ ಅಲ್ಲಿರ್ಲೇ ಇಲ್ವಲ್ಲ ಮಾವ," ಎಂದೆ. ಅವರು ಮಗುವಿನ ಅಂಗಾಲು ಸವರುತ್ತಾ, "ಇಲ್ಲಿಂದ್ಲೇ ನೋಡಿರ್ತೀಯ ಬುಡು," ಎಂದರು. ಇಂಥವರ ಹತ್ತಿರ ಏನು ವಾದ ಮಾಡುವುದು? ಊರಿಗೆ ಹೋದವರೇ ಟಿವಿಯ ಮೇಲೆ ಟವೆಲು ಹೊದಿಸಿ, ಇನ್ನು ಈ ಮನೆಯಲ್ಲಿ ಕ್ರಿಕೆಟ್ ಇಲ್ಲ ಎಂದರಂತೆ.

ಟವೆಲು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರಿಯಿತು. ಇಪ್ಪತ್ತು ಓವರಿನ ಹೊಸ ಆಟ, ಅದಕ್ಕೊಂದು ಹೊಸ ವಿಶ್ವಕಪ್ಪು, ಮತ್ತೆ ದಕ್ಷಿಣ ಆಫ್ರಿಕಾ. ದೊಡ್ಡ ಆಟಗಾರರು ಹೋಗಿರಲಿಲ್ಲ, ಉದ್ದ ಕೂದಲಿನ ಹುಡುಗ ನಾಯಕ. "ಇದ್ಯಾವ ಚಿನ್ನಿದಾಂಡು," ಎಂದು ಮೂಗು ಮುರಿದ ಮಾವ, ನಮ್ಮವರು ಗೆಲ್ಲುತ್ತಾ ಹೋದ ಹಾಗೆ ತಾವೇ ಟಿವಿಯ ಮುಂದೆ ಚಾಪೆ ಹಾಸಿದರು. ಫೈನಲ್ಲಿಗೆ ಎದುರಾದದ್ದು ಪಾಕಿಸ್ತಾನ.

ಆ ಸಂಜೆ ನಮ್ಮ ಬ್ಯಾರನ್ ಕೊನೆಯ ಹಂತದಲ್ಲಿತ್ತು. ಎಲೆ ಒಣಗಿ ನಡುವಿನ ದಂಟು ಒಣಗುವ ಹೊತ್ತು ಅದು, ಅತಿ ಹೆಚ್ಚು ಕಾವು ಬೇಕು. ಕಾವು ಇಳಿದರೆ ದಂಟಿನ ನೀರು ಎಲೆಗೆ ಇಳಿದು ಕಪ್ಪಾಗುತ್ತದೆ. ಮಿತಿಮೀರಿದರೆ ಎಲೆ ಸೀಯುತ್ತದೆ, ಕೊಳವೆಯ ಮೇಲೆ ಒಂದು ಒಣ ಎಲೆ ಬಿದ್ದರೂ ಸಾಕು, ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಗಾಜಿನ ಕಂಡಿಯಲ್ಲಿ ಟಾರ್ಚ್ ಬಿಟ್ಟು ಒಳಗಿನ ಥರ್ಮಾಮೀಟರ್ ನೋಡುತ್ತಲೇ ಇರಬೇಕು. ಅದು ಮಾವನ ಕೆಲಸ. ಬೇರೆಯವರನ್ನು ಆ ಹೊತ್ತಿನಲ್ಲಿ ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ಆವತ್ತು ಮಾತ್ರ ಟಾರ್ಚನ್ನು ನನ್ನ ಕೈಗಿಟ್ಟರು. "ನಿನ್ ಕೈ ಬೆಂಕಿ ತಾವ ಇದ್ರೆ ನಂಗೆ ಧೈರ್ಯ ಕಣವ್ವ," ಎಂದರು. ಕಾಲು ಹಜಾರದಲ್ಲಿ ಇರದಿದ್ದರೆ ಇನ್ನೂ ಧೈರ್ಯ ಎಂದು ನಾನು ಮನಸ್ಸಿನಲ್ಲೇ ಸೇರಿಸಿಕೊಂಡೆ. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಒಲೆಯ ಮುಂದೆ ಕೂತೆ.

ಊರಿಗೆ ಊರೇ ಕೂಗುತ್ತಿತ್ತು. ನಮ್ಮವರು ಆಡಿ ಮುಗಿಸಿದರು, ಅವರು ಆಡಲು ಬಂದರು, ವಿಕೆಟ್ಟುಗಳು ಬಿದ್ದವು. ನಾನು ಸೌದೆ ಒಡ್ಡುವುದು, ಕಂಡಿ ನೋಡುವುದು, ಆಗಾಗ ಕಿಟಕಿಯವರೆಗೆ ಹೋಗಿ ಮುಖಗಳನ್ನು ಓದಿ ಬರುವುದು. ಗೆದ್ದೆವು ಎಂದುಕೊಳ್ಳುವಾಗ ಅವರ ಒಬ್ಬ ಬ್ಯಾಟ್ಸ್‌ಮನ್ ಒಂದೇ ಓವರಿನಲ್ಲಿ ಮೂರು ಸಿಕ್ಸ್ ಬಾರಿಸಿದ. ಕೂಗು ನಿಂತುಹೋಯಿತು. ಕಿಟಕಿಯಲ್ಲಿ ಮಾವನ ಮುಖ ನೋಡಲಾಗುತ್ತಿರಲಿಲ್ಲ. ಒಲೆಯ ಮುಂದಕ್ಕೆ ವಾಪಸು ಬಂದೆ. ಗೆಲ್ಲಲಿ ಎಂದು ಬೇಡಿಕೊಂಡೆ. ಸೋತರೆ ಇದನ್ನೂ ಯಾವುದೋ ದಾರಿಯಲ್ಲಿ ನನ್ನ ಕಾಲಿಗೇ ಕಟ್ಟುತ್ತಾರೆ ಎಂಬ ಹೆದರಿಕೆಯೂ ಇತ್ತು.

ಕೊನೆಯ ಓವರು ಬಾಕಿ. ಅವರಿಗೆ ಹದಿಮೂರು ರನ್ ಬೇಕು, ನಮಗೆ ಒಂದು ವಿಕೆಟ್. ಆಗ ಮಾವ ಹಿತ್ತಲಿಗೆ ಬಂದರು.

"ಎದ್ದೇಳವ್ವ. ಒಳಕ್ಕೋಗಿ ನೋಡು."

"ನಾನಾ?"

"ನೀನ್ ಇಲ್ಲಿದ್ರೂ ಸಿಕ್ಸ್ ಒಡುದ್ರಲ್ಲ. ಇಷ್ಟ್ ವರ್ಸ ಎಲ್ಲಾ ಮ್ಯಾಚ್ನಾಗೂ ಕುಂತಿದ್ದೋನು ನಾನು. ನಂದೇ ಕಣ್ಣು ಸರೀಗಿಲ್ಲ ಅಂತ ಈಗ ಒಳೀತದೆ. ನಾನಿಲ್ಲಿರ್ತೀನಿ, ಓಗು."

ಇಡೀ ಜೀವಮಾನ ಕಾದ ಓವರನ್ನು ಬಿಟ್ಟುಕೊಟ್ಟು ಅವರು ಸೌದೆಯ ರಾಶಿಯ ಮೇಲೆ ಕೂತರು. ನಾನು ಓಡಿದೆ. ಅಡುಗೆಮನೆಗೆ ಕಾಲಿಡುವಾಗ ವೈಡು ಎಂದು ಯಾರೋ ಬೈದರು. ಒಂದು ಬಾಲು ರನ್ನಿಲ್ಲದೆ ಹೋಯಿತು. ಹಜಾರದ ಹೊಸ್ತಿಲ ಮೇಲೆ ನಿಂತು ಟಿವಿಯ ಕಡೆ ಕತ್ತು ಹೊರಳಿಸಿದೆ, ಬಾಲು ಬೌಲರನ ತಲೆಯ ಮೇಲೆ ಹಾರಿ ಗಡಿಯಾಚೆ ಬಿತ್ತು. ಸಿಕ್ಸು.

ಹಜಾರದಲ್ಲಿದ್ದ ಅಷ್ಟೂ ಜನ ನನ್ನ ಕಡೆ ತಿರುಗಿದರು. ಗಂಡ, "ನಿನ್ನ ಯಾರು ಕರುದ್ರು? ಓಗು ಆಚೆ," ಎಂದ. ಆ ಮುಖಗಳನ್ನು ನಾಲ್ಕು ವರ್ಷ ಕಿಟಕಿಯಾಚೆಯಿಂದ ಓದಿದವಳು ನಾನು, ಎದುರು ನಿಂತು ಓದುವುದು ಇನ್ನೂ ಸುಲಭವಾಗಿತ್ತು. ಕಣ್ಣು ತುಂಬಿಬಂತು. ಹಿಂದಕ್ಕೆ ಹೆಜ್ಜೆ ಇಡುವಾಗ ಯಾರೋ ಕೈ ಹಿಡಿದರು. ಅತ್ತೆ. ಕ್ರಿಕೆಟ್ಟಿನಲ್ಲಿ ಯಾರು ಯಾರ ಕಡೆ ಎಂಬುದೂ ಗೊತ್ತಿಲ್ಲದ, ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದ ಅತ್ತೆ. "ಕುಂತ್ಕೊ," ಎಂದರು ನನಗೆ. ಮಗನಿಗೆ, "ಮುಚ್ಚಲಾ ಬಾಯ," ಎಂದರು.

ಕೂತೆ. ಮುಂದಿನ ಬಾಲಿಗೆ ಆ ಬ್ಯಾಟ್ಸ್‌ಮನ್ ಮಂಡಿಯೂರಿ ಹಿಂದಕ್ಕೆ ಎತ್ತಿದ. ಬಾಲು ಮೇಲೆ ಹೋಯಿತು, ಮೇಲೆಯೇ ಇತ್ತು, ಆಮೇಲೆ ನಮ್ಮ ಹುಡುಗನ ಕೈಯೊಳಗೆ ಇಳಿಯಿತು. ಮಗು ಬೆಚ್ಚಿ ಅತ್ತಿತು, ಗಂಡ ಗೋಡೆಗೆ ಗುದ್ದಿದ, ಚಾಪೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ನಾನು ಕುಣಿದೆನೋ ಅತ್ತುಬಿಟ್ಟೆನೋ ನೆನಪಿಲ್ಲ. ಆ ಕ್ಯಾಚು ಕೈಜಾರಿದ್ದರೆ ನಾನು ಆ ಊರಿನಲ್ಲಿ ಸಾಯುವ ತನಕ ಏನಾಗಿರುತ್ತಿದ್ದೆ ಎಂಬ ಯೋಚನೆ ಮಾತ್ರ ಆ ಗದ್ದಲದಲ್ಲೂ ಬಂತು, ಇವತ್ತಿಗೂ ಬರುತ್ತದೆ.

ಹಿತ್ತಲಿಗೆ ಓಡಿದೆ. ಮಾವ ನಮ್ಮ ಕೂಗು ಕೇಳಿಯೂ ಹಿಂದೆ ತಿರುಗಿರಲಿಲ್ಲ. ಅದು ಗೆದ್ದ ಕೂಗೋ ಸೋತ ಕೂಗೋ ಎಂದು ತಿಳಿಯಲು ಹೆದರಿ ಒಲೆಬಾಯಿಗೆ ಸೌದೆಯ ಮೇಲೆ ಸೌದೆ ತುರುಕುತ್ತಿದ್ದರು. ನಾನು ಕಂಡಿಯಲ್ಲಿ ಟಾರ್ಚ್ ಬಿಟ್ಟೆ. ಕಾವು ಎಲ್ಲಿಗೋ ಏರಿತ್ತು.

"ಮಾವ, ಗೆದ್ವಿ! ಸೌದೆ ಈಚೆಗೆ ಎಳೀರಿ ಮೊದ್ಲು!"

ಇಬ್ಬರೂ ಉರಿಯುವ ಕೊರಡುಗಳನ್ನು ಎಳೆದು ನೀರು ಚಿಮುಕಿಸಿದೆವು. ಹೊಗೆಗೋ ಏನೋ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕಾವು ನಿಧಾನವಾಗಿ ಇಳಿದ ಮೇಲೆ ಅವರು ಸೌದೆಯ ರಾಶಿಯ ಮೇಲೆ ಕೂತು, "ಈಗ ಹೇಳವ್ವ, ಒಂದೊಂದೇ ಬಾಲು," ಎಂದರು. ಹೇಳಿದೆ. ಕ್ಯಾಚನ್ನು ಎರಡು ಸಲ ಹೇಳಿಸಿಕೊಂಡರು. ಸಿಕ್ಸಿನ ಮಾತನ್ನು ನಾನು ಹಾರಿಸಿಬಿಟ್ಟಿದ್ದೆ.

"ನಡುವೆ ಒಂದು ಸಿಕ್ಸು ಓಯ್ತಲ್ವಾ?" ಎಂದರು.

"ಹೂಂ ಮಾವ. ನಾನು ಆಗ ತಾನೇ ಹೊಸ್ತಿಲಲ್ಲಿ..."

"ನಿಂದಲ್ಲ ಕಣವ್ವ ಅದು. ಮನಸ್ಸು ತಡೀದೆ ಬಂದು ಆ ಕಿಟಕೀಲಿ ಇಣುಕಿದೆ. ಟಿವೀಲಿ ನೋಡ್ತಿದ್ದಂಗೇ ಸಿಕ್ಸು ಓಯ್ತು. ನೋಡು ನನ್ ಕಣ್ಣು! ಅಲ್ಲಿಂದ ಓಡ್ಬಂದ್ಬುಟ್ಟೆ. ಸಿಕ್ಸು ನಂದು, ಔಟು ನಿಂದು. ಒಳಗೆ ಎಲ್ರುಗೂ ಅಂಗೇ ಹೇಳ್ತೀನಿ."

ಹಾಗೆಯೇ ಹೇಳಿದರು ಕೂಡ, ಊರಿಗೆಲ್ಲ. ಆಮೇಲೆ ಯಾವ ಮ್ಯಾಚಿಗೂ ನನ್ನನ್ನು ಯಾರೂ ಒಳಗೆ ಕಳಿಸಲಿಲ್ಲ, ನಮ್ಮವರು ಸೋತಾಗಲೂ.

ಆ ಕಿಟಕಿಯಿಂದ ಟಿವಿಯ ಪರದೆ ಕಾಣುವುದಿಲ್ಲ. ಅಲ್ಲಿಂದ ಅವರಿಗೆ ಕಂಡದ್ದು ಹೊಸ್ತಿಲ ಕಡೆಗೆ, ನನ್ನ ಕಡೆಗೆ, ತಿರುಗಿದ ಅಷ್ಟೂ ಮುಖ. ಅದು ನನಗೆ ಗೊತ್ತು ಎಂದು ನಾನು ಅವರಿಗೆ ಹೇಳಲೇ ಇಲ್ಲ. "ಹೂಂ ಮಾವ, ಸಿಕ್ಸು ನಿಮ್ದೇ," ಎಂದು ಆ ರಾತ್ರಿ ಇನ್ನೊಂದು ಸೌದೆ ಒಲೆಗೆ ಒಡ್ಡಿದೆ.