ಬಳುಕಿದ ಗೆರೆ

ನಮ್ಮ ಡ್ರಾಯಿಂಗ್ ಮಾಸ್ತರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಬೋಳು ಬೆರಳು, ತುದಿಗೆ ಯಾವಾಗಲೂ ಸುಣ್ಣ. ಇಳಕಲ್ಲಿನ ನೇಕಾರರ ಮನೆಯ ಮಗ. ಎರಡನೇ ಮಹಾಯುದ್ಧ ಇನ್ನೂ ಶುರುವಾಗದ ದಿನಗಳಲ್ಲಿ ಮುಂಬಯಿಗೆ ಚಿತ್ರಕಲೆ ಕಲಿಯಲು ಹೋಗಿದ್ದರು. ಮುಂಜಾನೆ ಚಿತ್ರ, ಸಂಜೆ ಓಟ. ಬೂಟು ಹಾಕಿದ ಹುಡುಗರ ನಡುವೆ ಬರಿಗಾಲಲ್ಲಿ ಓಡಿ, ಉಗುರು ಕಳಕೊಂಡು, ಕಾಲೇಜಿಗೆ ಕಪ್ ತಂದುಕೊಟ್ಟರಂತೆ. "ಉಗುರು ಮುಂಬೈದಾಗ ಉಳೀತು, ಬೆರಳು ಬಾಗಲಕೋಟಿಗೆ ಬಂತು" ಎಂದು ನಗುತ್ತಿದ್ದರು. ತಂದೆ ತೀರಿಕೊಂಡರೆಂದು ಊರಿಗೆ ಬಂದವರು ತಿರುಗಿ ಹೋಗಲೇ ಇಲ್ಲ. ಹಳೇ ಬಾಗಲಕೋಟೆಯ ನಮ್ಮ ಸಾಲಿಯಲ್ಲಿ ಮಕ್ಕಳಿಂದ ಬದನೆಕಾಯಿ, ತಂಬಿಗೆಯ ಚಿತ್ರ ತೆಗೆಸುತ್ತ ಉಳಿದುಬಿಟ್ಟರು.

ವರ್ಷಕ್ಕೊಮ್ಮೆ ನಮ್ಮನ್ನು ಬಾದಾಮಿಗೆ ಕರಕೊಂಡು ಹೋಗುತ್ತಿದ್ದರು. ಗುಹೆಯ ಮೂರ್ತಿಗಳ ಮುಂದೆ ನಾವು ಪೆನ್ಸಿಲ್ ಕಚ್ಚುತ್ತ ಕೂತರೆ, ಹೊರಗೆ ಕರೆದು ಗುಡ್ಡದ ಅಂಚು ತೋರಿಸುವರು. "ಮೊದಲ ಇದನ್ನ ತಗೀರಿ. ಕಣ್ಣು ಕಡೀ ತುದಿಗೆ ಇರಲಿ, ಕೈ ತಾನ ಹೋಗ್ತೈತಿ." ಓಟಕ್ಕೂ ಅವರದು ಇದೇ ಪಾಠ.

ಆದರೆ ಅವರ ಖರೆ ಚಿತ್ರ ಅಂದರೆ ಗ್ಯಾದರಿಂಗಿನ ದಿನ ಮೈದಾನದಲ್ಲಿ ಹಾಕುವ ಓಟದ ಗೆರೆಗಳು. ಸಾಲಿಯ ವರ್ಷದ ಹಬ್ಬಕ್ಕೆ ನಮ್ಮ ಕಡೆ ಗ್ಯಾದರಿಂಗ್ ಅಂತಾರೆ. ಬೇರೆ ಸಾಲಿಗಳಲ್ಲಿ ಹಗ್ಗ ಎಳೆದು ಗೆರೆ ಹಾಕುತ್ತಿದ್ದರು. ನಮ್ಮ ಮಾಸ್ತರು ಹಗ್ಗ ಮುಟ್ಟಿದವರಲ್ಲ. ತಳಕ್ಕೆ ತೂತು ಹೊಡೆದ ಡಬ್ಬಿಗೆ ಸುಣ್ಣದ ಪುಡಿ ತುಂಬಿ, ಬೋಳು ಬೆರಳನ್ನು ಮೊದಲ ಗುರುತಿಗಿಟ್ಟು, ಆ ತುದಿಯ ಬೇವಿನ ಗಿಡ ನೋಡುತ್ತ ನಡೆದರೆ ಹಿಂದೆ ಬಿಳಿ ದಾರ ಬಿಚ್ಚಿಕೊಳ್ಳುತ್ತಿತ್ತು. ಆ ಡಬ್ಬಿ ಇನ್ನೊಬ್ಬರ ಕೈಗೆ ಕೊಟ್ಟದ್ದಿಲ್ಲ.

ನಾನು ಮ್ಯಾಟ್ರಿಕ್ ಇದ್ದ ವರ್ಷ ಅವರ ಕಣ್ಣಿಗೆ ಪೊರೆ ಬಂದಿತ್ತು. ಹೆಡ್‌ಮಾಸ್ತರು ಹಗ್ಗ ತರಿಸಿದ್ದರು. ಇದೊಂದು ಸಲ ನನಗೆ ಬಿಡ್ರಿ ಎಂದು ಇವರು ಕೇಳಿಕೊಂಡದ್ದು ಹುಡುಗರ ಕಿವಿಗೂ ಬಿದ್ದಿತ್ತು. ಗೆರೆ ಕೆಟ್ಟರೆ ಡಬ್ಬಿ ಹೋಯಿತು, ಅದು ಎಲ್ಲರಿಗೂ ಗೊತ್ತು.

ಹುಡುಗಿಯರ ಓಟಕ್ಕೆ ನಾವು ನಾಲ್ವರು ನಿಂತು ನೋಡಿದರೆ, ಮೊದಲ ಗೆರೆ ನಡುವೆ ಎಡಕ್ಕೆ ಬಳುಕಿತ್ತು. ಮಗ್ಗುಲಿನವು ಅದನ್ನೇ ನೋಡಿ ಬಳುಕಿದ್ದವು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೀಟಿ ಊದಿದರು. ಗೆರೆ ಬಳುಕಿದಲ್ಲಿ ನಾಲ್ವರೂ ಎಡಕ್ಕೆ ಹೊಳ್ಳಿ ಓಡಿದೆವು. ಮಂದಿ ನಕ್ಕರು. ಬಹುಮಾನದ ಅಮೀನಗಡದ ಕರದಂಟು ಯಾರ ಪಾಲಾಯಿತೋ ನೆನಪಿಲ್ಲ.

ಮಾಸ್ತರು ಬಂದರು. "ಸೀದಾ ಓಡೂದು ಬಿಟ್ಟು ನಡುವ ಯಾಕ ಹೊಳ್ಳಿದ್ರವಾ?"

"ಗೆರಿ ತುಳದ್ರ ಔಟ್ ಅಂತ ನೀವ ಹೇಳೀರಲ್ರೀ ಸರ," ಎಂದೆ.

"ನಾಲ್ಕೂ ಮಂದಿ?"

"ಹೌದ್ರಿ, ನಾಲ್ಕೂ ಮಂದಿ."

ಅವರು ಹೋಗಿ ಆ ಬಳುಕಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸುಣ್ಣದ ಮೇಲೆ ಬೆರಳಾಡಿಸಿದರು. ಎದ್ದಾಗ ನಗುತ್ತಿದ್ದರು. "ಇರಲಿ ಬಿಡು. ನಮ್ಮ ಘಟಪ್ರಭಾ ಹೊಳಿ ಏನ್ ಸೀದಾ ಹರೀತೈತೇನು?" ಎಂದು ಡಬ್ಬಿ ನನ್ನ ಕೈಗಿಟ್ಟರು. "ಹುಡುಗರ ಓಟಕ್ಕ ನೀ ಹಾಕು. ಕೆಳಗ ನೋಡಬ್ಯಾಡ."

ಆ ಡಬ್ಬಿ ಹಿಡಿದೇ ನಾನು ಹುನಗುಂದದಲ್ಲಿ ಡ್ರಾಯಿಂಗ್ ಟೀಚರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡೆ. ಮಾಸ್ತರು ಅಣೆಕಟ್ಟಿನ ಹಿನ್ನೀರು ಊರೊಳಗೆ ಬರುವ ಮುಂಚೆಯೇ ತೀರಿಕೊಂಡರು. ಸಾಲಿ, ಮೈದಾನ, ಬೇವಿನ ಗಿಡ ನೀರೊಳಗೆ ಹೋದದ್ದನ್ನು ಅವರು ನೋಡಲಿಲ್ಲ, ಪುಣ್ಯವಂತರು.

ಹೋದ ವರ್ಷ, ಮುಳುಗಿದ ಮನೆಯವರಿಗೆಂದು ಕಟ್ಟಿದ ನವನಗರದ ಸಾಲಿಯವರು ಗ್ಯಾದರಿಂಗಿಗೆ ಕರೆದು, ಹಿರಿಯರು ನೀವೇ ಗೆರೆ ಹಾಕಿರಿ ಎಂದರು. ಹಾಕಿದೆ. ನಡುವೆ ಬಳುಕಿತು. ಬೂಟು ಹಾಕಿದ ಮಕ್ಕಳು ಸುಣ್ಣ ತುಳಿದು ಸೀದಾ ಓಡಿದವು. ಅವರದೇನು ತಪ್ಪು, ಓಟ ಅಂದ ಮೇಲೆ ಗೆಲ್ಲಬೇಕು.

ಮಂದಿ ಎಲ್ಲ ಮಂಟಪದ ಕಡೆ ಹೋದ ಮೇಲೆ ಚಪ್ಪಲಿ ಬಿಟ್ಟು ಆ ಗೆರೆಗುಂಟ ನಾನೊಬ್ಬಳೇ ನಡೆದೆ. ಬಳುಕಿದಲ್ಲಿ ಹೊಳ್ಳಿದೆ.