ಕುಂದಾಳಿಗೊಂದು ಮನೆ

ಕಳೆದ ವಾರ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವರ ಕೈಯಿಂದ ಬೇವಿನೆಣ್ಣೆಯ ಶೀಶೆ ಜಾರಿ ಬಿದ್ದು ಒಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು, ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಆ ಕಹಿ, ಜಿಡ್ಡು ವಾಸನೆಗೆ ಒಂದಿಷ್ಟು ಅರಿಶಿನ, ಗಂಧಕದ ಪುಡಿ, ಬಿಸಿಲಿಗೆ ಹಾಕಿದ ಒದ್ದೆ ಗೋಣಿಚೀಲ ಸೇರಿಸಿದರೆ ಅದೇ ಬೆಳಗಾವಿಯ ಹಿಂದವಾಡಿಯಲ್ಲಿದ್ದ ನಮ್ಮ ಗಿರಿಜತ್ತೆಯ ಮನೆ. ಅತ್ತೆ ಅಪ್ಪನ ಅಕ್ಕ. ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಹಣೆಯ ಮೇಲೆ ವಿಭೂತಿ, ಸೆರಗಿನ ತುಂಬ ನಾಯಿಕೂದಲು. ಬೀದಿಯಲ್ಲಿ ಗಾಯಗೊಂಡ, ಕಜ್ಜಿ ಹತ್ತಿದ ನಾಯಿಗಳನ್ನು ತಂದು, ಎಣ್ಣೆ ಹಚ್ಚಿ, ಅನ್ನ ಹಾಕಿ, ಮೈ ತುಂಬಿದ ಮೇಲೆ ಅವಕ್ಕೊಂದು ಮನೆ ಹುಡುಕಿಕೊಡುತ್ತಿದ್ದಳು. ಅನ್ನ ಬೇಯಿಸಲು ಮಾಲನ್‌ಬಾಯಿ ಇದ್ದಳು. ಅವಳು ನಾಯಿಗಳ ಜೊತೆ ಮರಾಠಿ, ಅತ್ತೆಯ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡನ್ನೂ ಆಡುತ್ತಿದ್ದಳು. ಶಾಲೆ ಬಿಡುತ್ತಲೇ ನಾನು ಸೀದಾ ಅಲ್ಲಿಗೆ ಓಡುತ್ತಿದ್ದೆ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ನಿಮ್ಮದಲ್ಲದ್ದು, ಆದರೆ ನೀವು ಬೆಳೆದದ್ದು ಅಲ್ಲೇ ಅನ್ನಿಸುವಂಥದ್ದು.

ಕುಂದಾ ಬಂದಾಗ ನನಗೆ ಹನ್ನೊಂದು ವರ್ಷ. ಕೋಟೆಯ ಕಂದಕದ ಪಕ್ಕದಲ್ಲಿ ಒಬ್ಬ ಮುದುಕ ಮಲಗುತ್ತಿದ್ದನಂತೆ. ಊರು ಯಾವುದೋ, ಹೆಸರು ಯಾವುದೋ ಯಾರಿಗೂ ತಿಳಿಯದು. ಅವನು ಸತ್ತು, ಹೆಣ ಒಯ್ದು ನಾಲ್ಕು ದಿನವಾದರೂ ಅವನ ಹರಕು ಚಾಪೆಯ ಪಕ್ಕದಿಂದ ಒಂದು ಹೆಣ್ಣುನಾಯಿ ಎದ್ದಿರಲಿಲ್ಲ. ಅತ್ತೆ ಹೋಗಿ ಎತ್ತಿಕೊಂಡು ಬಂದಳು. ಮೈಗೆ ಎಣ್ಣೆ ಹಚ್ಚಿ ತೊಳೆದ ಮೇಲೆ ಒಳಗಿನಿಂದ ಕುಂದಾದ ಬಣ್ಣ ಬಂತು, ಹಾಲನ್ನು ಚೆನ್ನಾಗಿ ಕಾಯಿಸಿ ಮಾಡುವ ನಮ್ಮೂರ ಆ ಸಿಹಿಯ ಕಂದು ಬಣ್ಣ. ಅದೇ ಹೆಸರಾಯಿತು. "ನಮ್ಮ ಕಾಕಾನ ಮಗಳ ಹೆಸರ್ರೀ ಅದು," ಎಂದು ಮಾಲನ್‌ಬಾಯಿ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದಳು. ಆದರೆ ಕುಂದಾಳ ಮೇಲೆ ಯಾರಿಗೂ ಹೆಚ್ಚು ದಿನ ಮುನಿಸಿಕೊಳ್ಳಲಾಗುತ್ತಿರಲಿಲ್ಲ. ಯಾರು ಕುಳಿತರೂ ಮೆಲ್ಲಗೆ ಬಂದು ಅವರ ಮೊಣಕಾಲಿನ ಮೇಲೆ ಗದ್ದವಿಟ್ಟು, ತಲೆಯ ಭಾರವನ್ನೆಲ್ಲ ಬಿಟ್ಟುಕೊಟ್ಟು ಕಣ್ಣು ಅರ್ಧ ಮುಚ್ಚುತ್ತಿದ್ದಳು. ಹಾಲಿನವನಿಗೂ ಅಷ್ಟೇ, ಮೀಟರ್ ನೋಡಲು ಬಂದವನಿಗೂ ಅಷ್ಟೇ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನಾನು ಹೋಮ್‌ವರ್ಕ್ ಬರೆಯುತ್ತಿದ್ದೆ. ಎದುರಿಗಿದ್ದ ಬೆತ್ತದ ಕುರ್ಚಿ ಖಾಲಿ ಇತ್ತು. ಕುಂದಾ ಎದ್ದು ಅದರ ಮುಂದೆ ಹೋಗಿ ನಿಂತಳು. ತಲೆಯನ್ನು ಮುಂದೆ ಚಾಚಿ, ಗದ್ದವನ್ನು ಗಾಳಿಯಲ್ಲಿ, ಕುಳಿತವರ ಮೊಣಕಾಲು ಇರಬಹುದಾದ ಎತ್ತರಕ್ಕೆ ಸರಿಯಾಗಿ ಇಟ್ಟಳು. ಬಾಲ ನಿಧಾನವಾಗಿ ಆಡುತ್ತಿತ್ತು. ಯಾರೋ ಕಿವಿಯ ಹಿಂದೆ ಕೆರೆದಾಗ ಮಾಡುವಂತೆ ತಲೆಯನ್ನು ಒಂದು ಕಡೆಗೆ ವಾಲಿಸಿದಳು. ಓಣಿಯಲ್ಲಿ ಪಾತ್ರೆ ಮಾರುವವನ ಕೂಗು ಕೇಳುತ್ತಿತ್ತು, ಬಿಸಿಲು ಢಾಳಾಗಿತ್ತು, ಹಾಗಿದ್ದೂ ನಾನು ಪುಸ್ತಕ ಬಿಟ್ಟು ಎದ್ದುಬಿಟ್ಟೆ. ಅತ್ತೆಯನ್ನು ಕರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಯಾರರ ಕುಂತು ಹೋಗಿರ್ತಾರ. ನಮಗ ತಿಳಿಯಲಾರದ ವಾಸನಿ ಅದಕ ತಿಳೀತದ," ಎಂದಳು. ಆ ದಿನ ಮನೆಗೆ ಯಾರೂ ಬಂದಿರಲಿಲ್ಲ.

ಅದೇ ಹೊತ್ತಿಗೆ ಆ ಬಾಡಿಗೆ ಮನೆಯನ್ನು ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟಲು ಕೊಟ್ಟಿದ್ದರು. ದೀಪಾವಳಿಯೊಳಗೆ ಖಾಲಿ ಮಾಡಬೇಕಿತ್ತು. ಅತ್ತೆಯ ಎದೆ ಆಗಲೇ ಸೋತಿತ್ತು. ಅವಳು ನಮ್ಮ ಮನೆಗೆ ಬರುವುದೆಂದು ಅಪ್ಪ ನಿಶ್ಚಯಿಸಿದ್ದ. ನಮ್ಮದು ಎರಡನೇ ಮಹಡಿಯ ಮೇಲೆ ಎರಡು ಕೋಣೆ. ನನ್ನ ತಮ್ಮನಿಗೆ ದಮ್ಮಿನ ಬೇನೆ. ನಾಯಿಯ ಕೂದಲು ಆ ಮನೆಯೊಳಗೆ ಬರುವಂತಿರಲಿಲ್ಲ. ಒಂದೊಂದಾಗಿ ಎಲ್ಲ ನಾಯಿಗಳೂ ಹೋದವು. ಕುಂದಾ ಮೊದಲು ಹೋದದ್ದು ಹಿಂಡಲಗಾದಲ್ಲಿ ಹೊಸ ಮನೆ ಕಟ್ಟಿಸಿದ್ದ ಗಂಡ ಹೆಂಡತಿಯ ಬಳಿಗೆ. ಎಂಟು ದಿನಕ್ಕೆ ಅವರು ಅವಳನ್ನು ಕರೆತಂದರು. ಬಸುರಿ ಹೆಂಡತಿ ಗೇಟಿನ ಹೊರಗೇ ನಿಂತು ಅಳುತ್ತಿದ್ದಳು. "ನಾಯಿ ಬಾಳ ಚೊಲೊ ಐತ್ರಿ," ಎಂದ ಗಂಡ, ನಮ್ಮ ಮುಖ ನೋಡದೆ. "ಆದ್ರ ದಿನಾ ಹೊತ್ತು ಮುಳುಗೂಮುಂದ ಮೆಟ್ಟಲ ಹತ್ರ ನಿಂತು ಯಾರದೋ ಕಾಲಿಗೆ ತಲಿ ಇಟ್ಟಂಗ ಮಾಡತೈತಿ. ಅಲ್ಲಿ ಯಾರೂ ಇರಂಗಿಲ್ರಿ. ಇಕಿ ಅಂಜ್ಯಾಳ." ಕುಂದಾ ಒಳಗೆ ಬಂದು ನನ್ನ ಮೊಣಕಾಲಿಗೆ ಗದ್ದವಿಟ್ಟಳು. ನನಗೆ ಖುಷಿಯಾಯಿತು. ಆ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ನಮ್ಮೂರಿನದೇ ಶಹಾಪುರ ಪೇಟೆಯಿಂದ ಸೀರೆ ಅಂಗಡಿಯ ಅಕ್ಕತಂಗಿಯರಿಬ್ಬರು ನೋಡಲು ಬಂದರು. ಇಬ್ಬರೇ ಇರುವ ಮನೆ, ಹಿತ್ತಲು, ಅಂಗಡಿಗೂ ಜೊತೆಗೆ ಕರೆದೊಯ್ಯುತ್ತೇವೆಂಬ ಮಾತು. ಅತ್ತೆ ಯಾರನ್ನೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಊರಿಗೆ ಹೋದರೆ ನಾಯಿಯನ್ನು ಯಾರು ನೋಡುತ್ತಾರೆ, ಮುದಿಯಾದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿ ಬೆವರಿಳಿಸುತ್ತಿದ್ದಳು. ಆ ದಿನ ಮಾತ್ರ ನಗುತ್ತ ಚಹಾ ಮಾಡಲು ಒಳಗೆ ಹೋದಳು. ಕುಂದಾ ತಂಗಿಯ ಮಡಿಲಲ್ಲಿ ತಲೆಯಿಟ್ಟಿದ್ದಳು. ನಾನು ಮೆಲ್ಲಗೆ ಹೇಳಿದೆ: ಇವಳು ಸತ್ತವರ ಕಾಲಿಗೆ ತಲೆಯಿಡುತ್ತಾಳೆ, ಯಾರ ಮನೆಯಲ್ಲಿ ಹಾಗೆ ಮಾಡುತ್ತಾಳೋ ಅಲ್ಲಿಗೆ ಸಾವು ಬರುತ್ತದೆ, ಹಿಂಡಲಗಾದ ಮನೆಯಲ್ಲಿ ಒಬ್ಬರು ತೀರಿಕೊಂಡರು. ಯಾರೂ ತೀರಿಕೊಂಡಿರಲಿಲ್ಲ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ತಂಗಿ ತನ್ನ ಮಡಿಲಿನಿಂದ ಆ ತಲೆಯನ್ನು ಎರಡು ಬೆರಳಿನಿಂದ ಎತ್ತಿ ಕೆಳಗಿಟ್ಟಳು. ಚಹಾ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. "ಏನಾತ ಇವರಿಗೆ?" ಎಂದು ಅತ್ತೆ ಕಪ್ಪು ಹಿಡಿದುಕೊಂಡೇ ನಿಂತಳು. ನನಗೆ ಗೊತ್ತಿಲ್ಲ ಎಂದೆ.

ಮಾತು ಊರು ತಿರುಗಿತು. ಕುಂದಾಳನ್ನು ಹೊರಗೆ ಕರೆದೊಯ್ದರೆ ಓಣಿಯ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಬಾಲ ಆಡಿಸುತ್ತ ಹೋದವಳ ಮುಂದೆ ಬಾಗಿಲುಗಳು ಮುಚ್ಚುತ್ತಿದ್ದವು. ಅವಳು ಮುಚ್ಚಿದ ಬಾಗಿಲಿಗೂ ಸ್ವಲ್ಪ ಹೊತ್ತು ಬಾಲ ಆಡಿಸಿ ಬರುತ್ತಿದ್ದಳು. ನಾಯಿ ಕೇಳಿ ಬರುತ್ತಿದ್ದ ಫೋನುಗಳು ನಿಂತವು. ಅತ್ತೆ ಸಾಮಾನು ಕಟ್ಟುತ್ತ ನಡುನಡುವೆ ಎದೆ ಹಿಡಿದುಕೊಂಡು ಕೂರುತ್ತಿದ್ದಳು. ಒಂದು ದಿನ ಮಾಲನ್‌ಬಾಯಿ ಮಡಕೆ ಮಾರುವ ಟೆಂಪೋದವನಿಂದ ಸುದ್ದಿ ತಂದಳು. ಖಾನಾಪುರದ ಒಬ್ಬ ಕುಂಬಾರನಿಗೆ ನಾಯಿ ಬೇಕಂತೆ, ಇದೇ ನಾಯಿ. ಮನೆ ನೋಡದೆ ನಾಯಿ ಕೊಡುವುದು ಅತ್ತೆಯ ರೂಢಿಯಲ್ಲ. ಮಡಕೆ ಇಳಿಸಿ ಖಾಲಿಯಾಗಿ ಮರಳುತ್ತಿದ್ದ ಟೆಂಪೋದಲ್ಲಿ, ಹುಲ್ಲಿನ ಮೇಲೆ ಕುಂದಾಳನ್ನು ಕೂರಿಸಿಕೊಂಡು ನಾವು ಹೊರಟೆವು.

ಆ ಕುಂಬಾರ ಮಾರುತಿ ಕಾಕಾನ ಮನೆ ಊರಿನ ಅಂಚಿಗಿತ್ತು. ಕೆಂಪು ಮಣ್ಣಿನ ಅಂಗಳದ ತುಂಬ ಹಸಿ ಮಡಕೆಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ನೂರಾರು ಬಾಯಿ ತೆರೆದುಕೊಂಡು ಕೂತಂತೆ ಕಾಣುತ್ತಿತ್ತು. ಗಾಳಿ ಬೀಸಿದರೆ ಅವುಗಳೊಳಗಿಂದ ಸಣ್ಣ ಹೂಂಕಾರ ಏಳುತ್ತಿತ್ತು. ಕಾಕಾ ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಅವನು ಮಡಕೆ ತಿರುಗಿಸುವ ತಿಗರಿಯ ಎದುರು ಒಂದು ಮಣೆ, ಅದರ ಮೇಲೆ ಮಡಕೆ ತಟ್ಟುವ ಮರದ ಹಲಗೆ. ಅದನ್ನು ಯಾರೂ ಮುಟ್ಟಿದಂತಿರಲಿಲ್ಲ, ಅದಕ್ಕೆ ಮೆತ್ತಿದ ಮಣ್ಣು ಒಣಗಿ ಬಿರಿದಿತ್ತು. "ಕುಂದರ್ರಿ ಬಾಯಿ," ಎಂದ ಕಾಕಾ. "ನನ್ನ ಹೆಂಡತಿ ಸುಲೋಚನಾ ಅಲ್ಲೇ ಕೂಡತಿದ್ಲು. ಹ್ವಾದ ಮಳಿಗಾಲದಾಗ ಹೋದ್ಲು. ನಾ ಮಾಲ್ ಹಾಕಾಕ ಬೆಳಗಾವಿಗೆ ಹೋಗಿದ್ದೆ, ಬರೂದ್ರೊಳಗ ಮುಗದಿತ್ತು." ಮಣೆಯ ಕಡೆ ಕೈ ಮಾಡಿ, "ನಿಮ್ಮ ನಾಯಿಗೆ ಸತ್ತವರು ಕಾಣಸ್ತಾರಂತ. ಅಕಿ ಅಲ್ಲೆ ಅದಾಳೋ ಇಲ್ಲೋ ಅಂತ ಅಷ್ಟ ನನಗ ತಿಳೀಬೇಕಾಗೇತಿ," ಎಂದ.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳ ಮುಖ ನೋಡಿ ನಾನೇ ಹೇಳಿಬಿಟ್ಟೆ: ಅಕ್ಕತಂಗಿಯರಿಗೆ ನಾನು ಹೇಳಿದ್ದು ಸುಳ್ಳು, ಯಾರೂ ಸತ್ತಿರಲಿಲ್ಲ, ಕುಂದಾ ಹೋಗಬಾರದೆಂದು ಹೇಳಿದೆ. ಕಾಕಾ ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು. "ಎಲ್ಲಾ ಸುಳ್ಳೇನವಾ?" ಎಂದ. "ಖಾಲಿ ಕುರ್ಚಿ ಮುಂದ ನಿಂದರೂದು ಖರೇ," ಎಂದೆ. "ಉಳದದ್ದು ನಾ ಹೇಳಿದ್ದು."

ಅಷ್ಟರಲ್ಲಿ ಅತ್ತೆಯ ಕೈಯಿಂದ ಹಗ್ಗ ಜಾರಿತ್ತು. ಕುಂದಾ ಹಸಿ ಮಡಕೆಗಳ ನಡುವೆ ಒಂದಕ್ಕೂ ಮೈ ತಾಗಿಸದೆ ನಡೆದು ಹೋದಳು. ಮಣೆಯ ಹತ್ತಿರ ನಿಂತಳು. ಮಡಕೆ ಒಡೆದಾವೆಂದು ತಡೆಯಲು ಎತ್ತಿದ್ದ ಕಾಕಾನ ಕೈ ಗಾಳಿಯಲ್ಲೇ ನಿಂತಿತು. ಅವಳು ಮರದ ಹಲಗೆಯನ್ನು ಮೂಸಿದಳು, ಮಣೆಯ ಸುತ್ತ ಒಂದು ಸುತ್ತು ಬಂದಳು, ತಲೆ ಎತ್ತಿ ಖಾಲಿ ಜಾಗವನ್ನು ನೋಡಿದಳು. ಮಡಕೆಗಳ ಹೂಂಕಾರವೂ ನಿಂತಂತಾಯಿತು. ಎಷ್ಟು ಹೊತ್ತು ಹಾಗೇ ನಿಂತಳೋ ನಾನು ಹೇಳಲಾರೆ. ಆಮೇಲೆ ಹೊರಳಿ, ಬಂದ ದಾರಿಯಲ್ಲೇ ಬಂದು, ಕಾಕಾನ ಮಣ್ಣು ಮೆತ್ತಿದ ಮೊಣಕಾಲಿನ ಮೇಲೆ ಗದ್ದವಿಟ್ಟಳು. ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ಎತ್ತಿಯೇ ಹಿಡಿದಿದ್ದ.

"ಅಲ್ಲಿ ಏನೂ ಕಾಣಲಿಲ್ಲ ಅಕಿಗೆ," ಎಂದಳು ಅತ್ತೆ. "ಇನ್ನೂ ಬೇಕೇನ್ರಿ ನಿಮಗ ಈ ನಾಯಿ? ಇಲ್ಲಂದ್ರ ಹಂಗ ಹೇಳ್ರಿ, ನಾ ಕರಕೊಂಡು ಹೋಗ್ತೀನಿ." ಕರೆದುಕೊಂಡು ಹೋಗಲು ಅವಳಿಗೆ ಮನೆಯಿರಲಿಲ್ಲ. ಕಾಕಾ ಬಹಳ ಹೊತ್ತು ಮಣೆಯ ಕಡೆ ನೋಡಿದ. ಕಣ್ಣು ತುಂಬಿತ್ತು. "ಅಕಿ ಖರೇನ ಹೋಗ್ಯಾಳ ಹಂಗಾರ," ಎಂದ. "ಇಲ್ಲಿ ನಾ ಒಬ್ಬನ ಅದೀನಿ ಅಂತಾತು." ಕೊನೆಗೆ ಕೈಯನ್ನು ಕುಂದಾಳ ತಲೆಯ ಮೇಲೆ ಇಳಿಸಿದ. "ಇರ್ಲಿ ಬಿಡ್ರಿ ಬಾಯಿ. ಇಕಿ ಇಲ್ಲೆ ಇರ್ಲಿ."

ಮರಳುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದೇ ಮಾತು ಆಡಿದಳು: "ಆ ಅಕ್ಕತಂಗೀರಿಗೆ ನಾಳೆ ನೀನ ಹೋಗಿ ಹೇಳಬೇಕು." ಹೋಗಿ ಹೇಳಿದೆ. ಅವರು ಪೇಡೆ ಕೊಟ್ಟು ಕಳಿಸಿದರು, ನನ್ನನ್ನು ನಂಬಲಿಲ್ಲ. ದೀಪಾವಳಿಗೆ ಹಿಂದವಾಡಿಯ ಮನೆ ಖಾಲಿಯಾಯಿತು. ಮಾಲನ್‌ಬಾಯಿ ನಾಯಿಗಳ ಅನ್ನ ಬೇಯಿಸುತ್ತಿದ್ದ ದೊಡ್ಡ ಪಾತೇಲಿಯನ್ನು ತಲೆಯ ಮೇಲೆ ಹೊತ್ತು, ಹಿಂದಿರುಗಿ ನೋಡದೆ ಹೋದಳು. ಅತ್ತೆ ನಮ್ಮ ಮನೆಯಲ್ಲಿ ಒಂದೂವರೆ ವರ್ಷ ಇದ್ದಳು. ತಿಂಗಳಿಗೊಮ್ಮೆ ಖಾನಾಪುರಕ್ಕೆ ಫೋನ್ ಮಾಡಿ ನಾಯಿಯ ಹೊಟ್ಟೆ, ಹಲ್ಲು, ಉಗುರು ಎಲ್ಲ ವಿಚಾರಿಸುತ್ತಿದ್ದಳು. ಕುಂದಾ ಆ ಮನೆಯಲ್ಲಿ ಒಮ್ಮೆಯೂ ಖಾಲಿ ಜಾಗದ ಮುಂದೆ ನಿಲ್ಲಲಿಲ್ಲವಂತೆ. ಒಂದು ಬೆಳಿಗ್ಗೆ ಅತ್ತೆ ಪೂಜೆಗೆ ಕೂತವಳು ಏಳಲಿಲ್ಲ.

ಹೋದ ವರ್ಷ ಕೆಲಸದ ಮೇಲೆ ಖಾನಾಪುರಕ್ಕೆ ಹೋದಾಗ ಕಾಕಾನನ್ನು ನೋಡಿದೆ. ತಿಗರಿಗೆ ಕರೆಂಟು ಬಂದಿತ್ತು, ಅವನ ಕಣ್ಣುಗಳಿಗೆ ಪೊರೆ. ಕುಂದಾ ವಯಸ್ಸಾಗಿ, ನೋವಿಲ್ಲದೆ, ಅವನ ಪಕ್ಕದಲ್ಲೇ ಮಲಗಿ ಸತ್ತು ಬಹಳ ವರ್ಷಗಳಾಗಿದ್ದವು. ಚಹಾ ಕುಡಿಯುತ್ತ ಅಂಗಳದಲ್ಲಿ ಕೂತಿದ್ದೆವು. ಬೆಳಿಗ್ಗೆ ಮಾಡಿಟ್ಟ ಹಸಿ ಮುಚ್ಚಳಗಳ ಸಾಲಿನಲ್ಲಿ, ಒಂದರ ನಟ್ಟನಡುವೆ, ನಾಯಿಯ ಹೆಜ್ಜೆಯೊಂದು ಆಳವಾಗಿ ಮೂಡಿತ್ತು. ಆಚೀಚೆಯ ಮುಚ್ಚಳಗಳ ಮೇಲೆ ಏನೂ ಇರಲಿಲ್ಲ. ನುಣ್ಣಗೆ ಗುಡಿಸಿದ ನೆಲದ ಮೇಲೂ ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಕಪ್ಪನ್ನು ಕೆಳಗಿಟ್ಟೆ. ಇಂಥ ವಿಷಯದಲ್ಲಿ ಒಮ್ಮೆ ಸುಳ್ಳು ಹೇಳಿದ ಬಾಯಿ ನನ್ನದು. ಕಂಡಷ್ಟನ್ನೇ, ಒಂದು ಮಾತೂ ಹೆಚ್ಚು ಸೇರಿಸದೆ ಹೇಳಿದೆ. "ಕಾಕಾ, ಒಂದ ಮುಚ್ಚಳದ ಮ್ಯಾಲ ನಾಯಿ ಹೆಜ್ಜಿ ಬಿದ್ದೈತಿ."

ಕಾಕಾ ಎದ್ದು ಬಂದು, ಬೆರಳಿನಿಂದ ತಡವರಿಸಿ ಅದನ್ನು ಹುಡುಕಿ, ಆ ಗುಳಿಯೊಳಗೆ ಹೆಬ್ಬೆರಳಿಟ್ಟ. "ಓಣ್ಯಾಗ ಬೇಕಾದಷ್ಟ ನಾಯಿ ಅದಾವವಾ," ಎಂದ. ಆದರೆ ಒದ್ದೆ ಬಟ್ಟೆಯಿಂದ ಅದನ್ನು ಸವರಿ ಅಳಿಸಲಿಲ್ಲ. ಎರಡೂ ಕೈಯಿಂದ ಎತ್ತಿಕೊಂಡು, ನೆರಳಿನಲ್ಲಿ ಬೇರೆಯಾಗಿ ಒಣಗಲು ಇಟ್ಟ.

ಹೊತ್ತು ಮುಳುಗುವ ಮುಂಚೆ ಬೆಳಗಾವಿಗೆ ಬಂದಿಳಿದೆ. ಕಾಲು ತಾನಾಗಿ ಹಿಂದವಾಡಿಯ ಕಡೆ ಹೊರಳಿತು. ಓಣಿಯ ತಿರುವಿನಲ್ಲಿ ನಿಂತ ಮೇಲಷ್ಟೇ ನೆನಪಾಯಿತು, ಈ ಸುದ್ದಿಯನ್ನು ಹೇಳಲು ಅಲ್ಲಿ ಯಾರೂ ಉಳಿದಿಲ್ಲವೆಂದು.