ಆಗಿಬರದ ಕಿಡ್ನಿ

ಕಂಡಕ್ಟರ್ ಅಕ್ಕನ ಬಾಯಿ ಅಂದ್ರೆ ಬಾಯಿ. ಚಿಲ್ಲರೆಗೆ ತಗಾದೆ ತೆಗೆದವರನ್ನು ಮುಂದಿನ ಸ್ಟಾಪಿನಲ್ಲೇ ಇಳಿಸುವ ಗಟ್ಟಿಗಿತ್ತಿ. ತಮ್ಮನ ಎರಡೂ ಕಿಡ್ನಿ ಕೈಕೊಟ್ಟಾಗ, "ನನ್ನ ಹತ್ರ ಎರಡಿವೆ, ಒಂದು ತಗೊಳ್ಳಿ" ಅಂತ ಡಾಕ್ಟರ ಮುಂದೆ ನಿಂತವಳೂ ಇವಳೇ. ಆಪರೇಷನ್ ಆಯಿತು. ಗಡಿಯಾರ ರಿಪೇರಿ ಮಾಡುವ ತಮ್ಮ ಮತ್ತೆ ಅಂಗಡಿ ತೆರೆಯುವ ಮಾತಾಡತೊಡಗಿದ. ಅಷ್ಟರಲ್ಲಿ ಬಂತು ನೋಡಿ, ಜ್ವರ!

ಬಂದದ್ದು ಹೋಗಲೇ ಇಲ್ಲ. ಆಳು ಕಡ್ಡಿಯಾದ. ರಕ್ತ ತೆಗೆದು, ಕ್ರಿಮಿ ಬೆಳೆಯುತ್ತದೇನೋ ನೋಡೋಣ ಅಂತ ಲ್ಯಾಬಿನಲ್ಲಿಟ್ಟರು. "ಏನೂ ಬೆಳೆದಿಲ್ಲ" ಅಂತ ವರದಿ ಬಂತು. ಮತ್ತೆ ಇಟ್ಟರು, ಮತ್ತೆ ಅದೇ. ಮೊದಲ ಸಲ ಮನೆಯವರು ಖುಷಿಪಟ್ಟಿದ್ದರು, ಪಾಪ, ಏನೂ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ ಅಂತ. ಡಾಕ್ಟರಿಗೆ ಮಾತ್ರ ಅತ್ತ ದರಿ, ಇತ್ತ ಪುಲಿ. ಮೈ ಹೊಸ ಕಿಡ್ನಿಯನ್ನು ಒಲ್ಲೆ ಅನ್ನದಿರಲೆಂದು, ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆ ಕೊಟ್ಟಿದ್ದರು. ಇದು ಸೋಂಕಾದರೆ ಮಾತ್ರೆ ಇಳಿಸಬೇಕು, ಮೈಯೇ ತಿರುಗಿಬಿದ್ದಿದ್ದರೆ ಏರಿಸಬೇಕು. ಲೆಕ್ಕ ತಪ್ಪಿದರೆ ಕಿಡ್ನಿಯೂ ಹೋಯಿತು, ಆಳೂ ಹೋದ.

"ಅತ್ತಿಗೆ ಕಿಡ್ನಿ ಇವರಿಗೆ ಆಗಿಬರಲಿಲ್ಲಮ್ಮ" ಅಂದಳು ತಮ್ಮನ ಹೆಂಡತಿ, ಫೋನಿನಲ್ಲಿ ತನ್ನ ತಾಯಿಗೆ. ಕಂಡಕ್ಟರ್ ಅಕ್ಕ ಬಾಗಿಲ ಹಿಂದೆಯೇ ಇದ್ದಳು. ತಂದಿದ್ದ ಗಂಜಿ ಡಬ್ಬಿಯನ್ನು ಹೊಸ್ತಿಲಲ್ಲೇ ಇಟ್ಟು ಡ್ಯೂಟಿಗೆ ಹೊರಟಳು. ತಾನು ಕೊಟ್ಟದ್ದೇ ಅವನನ್ನು ತಿನ್ನುತ್ತಿದೆಯಾ?

ಕೊನೆಗೆ ಸ್ಕ್ಯಾನಿನಲ್ಲಿ ಲಿವರ್ ಮೇಲೆ ಗಂಟುಗಳು ಕಂಡವು; ಅಲ್ಲಿಂದ ಒಂದು ಚೂರು ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. "ಕೆಲವು ಬ್ಯಾಕ್ಟೀರಿಯಾ ಲ್ಯಾಬಲ್ಲಿ ಬೆಳೆಯೋಕೆ ಜಪ್ಪಯ್ಯ ಅಂದ್ರೂ ಒಪ್ಪಲ್ಲಮ್ಮ. ಆದ್ರೆ ಅವು ಇರೋ ಕಡೆ ಅವುಗಳ ಜೀನ್ ಇರುತ್ತೆ. ಅದನ್ನ ಓದಿ ಯಾವುದು ಅಂತ ಹಿಡೀಬಹುದು" ಅಂದರು ಡಾಕ್ಟರು.

"ಟಿಕೆಟ್ ಇಲ್ದೆ ಸೀಟಿನ ಕೆಳಗೆ ಅಡಗಿದವನು ಅನ್ನಿ" ಅಂದಳು ಅಕ್ಕ. ದೇವರೇ, ಯಾವ ಕ್ರಿಮಿಯಾದರೂ ಸಿಗಲಿ, ತಪ್ಪು ನನ್ನ ಕಿಡ್ನಿಯದು ಮಾತ್ರ ಆಗದಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

ಸಿಕ್ಕಿತು. ಡಾಕ್ಟರು ವಾರ್ಡಿಗೆ ನಗುತ್ತಲೇ ಬಂದರು. "ಕಿಡ್ನಿ ಗಟ್ಟಿಮುಟ್ಟಾಗಿದೆ. ಇದು ಬೆಕ್ಕು ಪರಚಿದ್ರೆ ಬರೋ ಬ್ಯಾಕ್ಟೀರಿಯಾ. ಔಷಧಿ ಇದೆ, ತಿಂಗಳುಗಟ್ಟಲೆ ಬೇಕು. ತುಂಬ ಸೋತಿದ್ದಾರೆ, ಮೈ ತಡ್ಕೊಂಡ್ರೆ ಗೆದ್ದಂಗೆ. ಮನೇಲಿ ಬೆಕ್ಕಿದೆಯಾ?"

ತಮ್ಮನ ಹೆಂಡತಿ ಅತ್ತಿಗೆಯ ಮುಖ ನೋಡಿದಳು. ಆಪರೇಷನ್ ಆದ ಹೊಸತರಲ್ಲಿ, ಮಲಗಿ ಮಲಗಿ ಬೇಜಾರು ಅಂದ ತಮ್ಮನಿಗೆ, ಬಸ್ ಡಿಪೋದ ಹಳೇ ಟೈರುಗಳ ನಡುವೆ ಹುಟ್ಟಿದ ಮರಿಯನ್ನು ಚೀಲದಲ್ಲಿಟ್ಟು ತಂದವಳು ಇವಳೇ. ಪ್ರಾಣಿ ಗೀಣಿ ಬೇಡ ಅಂತ ಆಸ್ಪತ್ರೆಯವರು ಹೇಳಿದ್ದನ್ನು, "ಅಂಗೈ ಅಗಲದ ಮರಿ, ಏನು ಮಾಡೀತು" ಅಂತ ತಳ್ಳಿಹಾಕಿದವಳೂ ಇವಳೇ.

"ಇದೆ" ಅಂದಳು ಅಕ್ಕ. "ನಾನೇ ತಂದಿದ್ದು."

ತಮ್ಮ ಕಷ್ಟಪಟ್ಟು ಕಣ್ಣು ಬಿಟ್ಟ. "ಅಕ್ಕಂಗೆ ಯಾರೂ ಏನೂ ಅನ್ಬೇಡಿ. ಕಿಡ್ನಿ ಆಗಿಬಂತಲ್ಲ" ಅಂದ.

ಇಷ್ಟು ದಿನ ಅವಳು ಕಾದದ್ದು ಆ ಒಂದು ಮಾತಿಗೇ. ಈಗ ತಲೆಯೆತ್ತಿ ಅದನ್ನು ಕೇಳಲು ಅವಳಿಗೆ ಮುಖವಿರಲಿಲ್ಲ.